ನಾಲ್ಕು ಎಣಿಸುವಷ್ಟು ಹೊತ್ತು

ಈಥರ್ ತುಂಬಿದ ಬಾಟಲಿಗೆ ಎಲ್ಲಿಂದಲೋ ಒಂದು ಬೀಡಿಯ ಕಿಡಿ ತಗುಲಬಹುದಿತ್ತು. ಬೆಳ್ಳಿಯ ದ್ರಾವಣ ಯಾರದಾದರೂ ಕಣ್ಣಿಗೆ ಸಿಡಿಯಬಹುದಿತ್ತು. ಆಟೋ ಗುಂಡಿಗೆ ಇಳಿದು, ನನ್ನ ತೊಡೆಯ ಮೇಲೆ ಕೂತಿದ್ದ ನೂರು ವರ್ಷದ ಮರದ ಕ್ಯಾಮೆರಾ ನನಗಿಂತ ಮೊದಲೇ ರಸ್ತೆಗೆ ಇಳಿಯಬಹುದಿತ್ತು. ಜನವರಿ ತಿಂಗಳು, ವಡೋದರಾದ ಆಕಾಶದ ತುಂಬ ಗಾಳಿಪಟ. ಗಾಜಿನ ಪುಡಿ ಮೆತ್ತಿದ ದಾರವೊಂದು ಬಂದು ಕ್ಯಾಮೆರಾದ ಹೊಟ್ಟೆ ಸೀಳಬಹುದಿತ್ತು, ಕ್ಯಾಮೆರಾ ಬೇಡವೆನಿಸಿದರೆ ನನ್ನ ಕುತ್ತಿಗೆಯನ್ನು ಆರಿಸಿಕೊಳ್ಳಬಹುದಿತ್ತು. ಬರಿಯ ಬನಿಯನ್ನಿನಲ್ಲಿ ಬೆಳಗಿನ ಚಳಿಗೆ ನಿಂತ ಹುಡುಗರಿಗೆ ಜ್ವರ ಬಂದು ಅವರ ತಾಯಂದಿರು ನನ್ನ ಫೋನ್ ನಂಬರು ಹುಡುಕಬಹುದಿತ್ತು. ಎಂಬತ್ತು ದಾಟಿದ ಅತಿಥಿ ಆಬಾ ಗರಡಿಯ ಮೆಟ್ಟಿಲಲ್ಲಿ ಜಾರಬಹುದಿತ್ತು. ಕತ್ತಲೆ ಡೇರೆಯೊಳಗೆ, ಫೋಟೊ ತೆಗೆಯುವ ಕಾಕಾ ಉಸಿರು ಕಟ್ಟಿ ಕುಸಿಯಬಹುದಿತ್ತು. ಇದೆಲ್ಲ ತಪ್ಪಿ, ಚಿತ್ರ ತೊಳೆದು ನೋಡಿದರೆ, ಅಜ್ಜನ ಕಾಲದ ಆಟಗಾರನೊಬ್ಬನ ಮಣಿಕಟ್ಟಿನಲ್ಲಿ ಸ್ಮಾರ್ಟ್ ವಾಚು ಕಾಣಬಹುದಿತ್ತು.

ಇವನ್ನೆಲ್ಲ ನಾನು ಹಿಂದಿನ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಹೆಂಡತಿ ಓದಿ ನೋಡಿ, "ಭೂಕಂಪ ಬಿಟ್ಟಿದ್ದೀರಲ್ಲ" ಅಂದಳು. ತಕ್ಷಣ ಸೇರಿಸಿದೆ. ಗುಜರಾತಿನಲ್ಲಿ ಕೂತು ಅದನ್ನು ತಮಾಷೆ ಎಂದುಕೊಳ್ಳುವ ಹಾಗಿಲ್ಲ. ನಾನಿರುವುದೇ ವಿಮೆಯ ಆಫೀಸಿನಲ್ಲಿ. ಮೈಸೂರಿನಿಂದ ವರ್ಗವಾಗಿ ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಆಗದಿರುವುದನ್ನು ಆಗುತ್ತದೆಂದು ಊಹಿಸಲು ವಾರದಲ್ಲಿ ಐದು ದಿನ ಸಂಬಳ ಕೊಡುತ್ತಾರೆ. ಉಳಿದೆರಡು ದಿನ ಪುಕ್ಕಟೆಯಾಗಿ ಮಾಡುತ್ತೇನೆ.

ಕಾಕಾ ನನಗೆ ಸಿಕ್ಕಿದ್ದೂ ಆಫೀಸಿನಲ್ಲಿಯೇ. ಅಲ್ಕಾಪುರಿಯ ನಮ್ಮ ಬ್ರಾಂಚಿಗೆ ಒಂದು ಕ್ಯಾಮೆರಾಕ್ಕೆ ವಿಮೆ ಮಾಡಿಸಲು ಬಂದಿದ್ದರು. ಅರ್ಜಿಯಲ್ಲಿ ತಯಾರಾದ ವರ್ಷ ಎಂದಿದ್ದ ಕಡೆ, ನಮ್ಮಪ್ಪ ಹುಟ್ಟುವುದಕ್ಕಿಂತ ಮೊದಲು ಎಂದು ಗುಜರಾತಿಯಲ್ಲಿ ಬರೆದಿದ್ದರು. ಕೌಂಟರಿನವಳು ಅರ್ಜಿಯನ್ನು ಹಿಂದಕ್ಕೆ ತಳ್ಳಿದಳು. "ಏನ್ ಮಂದಿ ಅದಾರಪಾ, ಖರೆ ಬರದ್ರೂ ಬ್ಯಾಡ ಅಂತಾರ" ಎಂದು ಅವರು ತಮ್ಮಷ್ಟಕ್ಕೆ ಗೊಣಗಿಕೊಂಡಿದ್ದು ನನ್ನ ಕಿವಿಗೆ ಬಿತ್ತು. ಧಾರವಾಡದ ಮಾತು ಕೇಳಿ ಎದ್ದು ಹೋದವನು ಮೊದಲು ನೋಡಿದ್ದು ಅವರ ಕೈಯನ್ನು. ಹತ್ತೂ ಬೆರಳ ತುದಿ ಕಪ್ಪಗಿತ್ತು. ಯಾವುದೋ ಕೊಳೆಯುವ ರೋಗವೆಂದು ಹೆದರಿ ಕೈ ಕುಲುಕದೆ ನಮಸ್ಕಾರ ಮಾಡಿದೆ. ಅವರಿಗೆ ಅರ್ಥವಾಯಿತು. ಅದು ಬೆಳ್ಳಿಯ ಕಲೆ ಎಂದರು; ಬಿಸಿಲು ಬಿದ್ದಷ್ಟೂ ಕಪ್ಪಾಗುತ್ತದಂತೆ, ಚರ್ಮವೇ ಹಳತಾಗಿ ಉದುರಬೇಕಂತೆ. ನನ್ನ ಮಗಳು ಮೊದಲ ಸಲ ಅವರನ್ನು ಕಂಡಾಗ, ತನಗೆ ಬರುವ ಮೂರು ಭಾಷೆಗಳನ್ನೂ ಒಟ್ಟಿಗೆ ಬಳಸಿ "ಕಾಕಾ, ನಿಮ್ಮ ಹಾಥ್ ಯಾಕೆ ಬ್ಲ್ಯಾಕ್?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ನೇರವಾಗಿ ಕೇಳಿದ ಮೊದಲ ಮನುಷ್ಯಳು ಇವಳೇ ಎಂದು ಅವರಿಗೆ ಅವಳ ಮೇಲೆ ಬಹಳ ಮರ್ಯಾದೆ.

ಗುಜರಾತಿಯಲ್ಲಿ ಕಾಕಾ ಎಂದರೆ ಚಿಕ್ಕಪ್ಪ. ಮರಾಠಿಯಲ್ಲೂ ಹಾಗೇ, ಅವರ ಧಾರವಾಡದ ಕಡೆಯೂ ಹಾಗೇ. ಮೂರು ಕಡೆಗೂ ಸಾಲುವ ಹೆಸರಿರುವಾಗ ಇನ್ನೊಂದನ್ನು ಯಾರೂ ಬಳಸುತ್ತಿರಲಿಲ್ಲ, ನಾನೂ ಬಳಸುವುದಿಲ್ಲ. ತಂದೆ ರೈಲ್ವೆಯಲ್ಲಿದ್ದರು, ಅವರ ಹಿಂದೆ ಹದಿನಾರರ ವಯಸ್ಸಿಗೆ ಬರೋಡಾಕ್ಕೆ ಬಂದವರು. ಮೊದಲು ಒಂದು ಸ್ಟುಡಿಯೋದಲ್ಲಿ ಸಹಾಯಕ. ಆಮೇಲೆ ಇಡೀ ಜೀವಮಾನ ಒಂದು ಕಾಲೇಜಿನಲ್ಲಿ, ನೆಲ ಅಗೆದಾಗ ಸಿಕ್ಕ ಮಡಕೆ ಚೂರುಗಳ ಫೋಟೊ ತೆಗೆಯುವ ಕೆಲಸ. "ಚೂರು ಚೊಲೋರಿ. ಅಲಗಾಡಂಗಿಲ್ಲ, ಚಾ ಕೇಳಂಗಿಲ್ಲ" ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಹಿಡಿದದ್ದು ಈ ಹುಚ್ಚು: ಹಳೆಯ ಕಾಲದ ಉಡುಪು ತೊಡಿಸಿ ಹಳೆಯ ಕಾಲದ ಆಟಗಳನ್ನು ಆಡಿಸುವುದು, ಹಳೆಯ ಕಾಲದ ವಿಧಾನದಲ್ಲೇ ಅದರ ಚಿತ್ರ ತೆಗೆಯುವುದು.

ಆ ವಿಧಾನವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಪ್ಪು ಬಳಿದ ಒಂದು ತೆಳು ಕಬ್ಬಿಣದ ತಗಡು. ಅದರ ಮೇಲೆ ಜೇನಿನಂಥ ಒಂದು ದ್ರಾವಣ ಸುರಿದು, ದೋಸೆ ಹಿಟ್ಟು ಹರಡುವ ಹಾಗೆ ನಾಲ್ಕು ಮೂಲೆಗೂ ಓಡಿಸಬೇಕು, ಸಾಧನ ಬೆರಳು ಮಾತ್ರ. ಕತ್ತಲೆ ಡೇರೆಯೊಳಗೆ ಅದನ್ನು ಬೆಳ್ಳಿಯ ನೀರಿನಲ್ಲಿ ಅದ್ದಿ, ಒಂದು ಮರದ ಚೌಕಟ್ಟಿನಲ್ಲಿ ಮುಚ್ಚಿ ಹೊರಗೆ ತರಬೇಕು. ಚೌಕಟ್ಟನ್ನು ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸಿ, ಅದರ ಮುಂದಿನ ಜಾರು ಹಲಗೆಯನ್ನು ಎಳೆದು, ಲೆನ್ಸಿನ ಟೊಪ್ಪಿ ತೆಗೆದು, ನಾಲ್ಕು ಎಣಿಸಿ, ಟೊಪ್ಪಿ ಹಾಕಬೇಕು. ತಗಡು ಒದ್ದೆಯಾಗಿರುವಾಗಲೇ ಇಷ್ಟೂ ಮುಗಿಯಬೇಕು. ನಮ್ಮ ಒಣ ಜನವರಿಯಲ್ಲಿ ಅದಕ್ಕೆ ಏಳೆಂಟು ನಿಮಿಷ. ಆಮೇಲೆ ಅದು ಬರೀ ತಗಡು.

ನಾಲ್ಕು ಸೆಕೆಂಡು ನಿಲ್ಲದಿರುವುದು ಯಾವುದೂ ಆ ತಗಡಿಗೆ ಕಾಣುವುದಿಲ್ಲ. ಹಿಂದೆ ಹಾದುಹೋದ ಮೋಟರ್‌ಬೈಕು, ಹಾರುವ ಗಾಳಿಪಟ, ನಡುವೆ ನುಗ್ಗಿದ ನಾಯಿ, ಎಲ್ಲ ಮಾಯ. ಹಾಗಾಗಿ ಓಟದ ಚಿತ್ರ ಬೇಕಾದರೆ ಓಡುವಂತಿಲ್ಲ. ಎತ್ತಿದ ಕಾಲಿನ ಕೆಳಗೆ ಮಣ್ಣಲ್ಲಿ ಇಟ್ಟಿಗೆ ಹೂತು, ಬೆರಳ ತುದಿಯನ್ನು ಅದಕ್ಕೆ ಊರಿ, ಓಡುತ್ತಿರುವವನ ಹಾಗೆ ಕಲ್ಲಾಗಬೇಕು. ಇಟ್ಟಿಗೆ ಹೂಳುವ ಕೆಲಸ ನನ್ನದು. ಉಸಿರು ಬಿಗಿಹಿಡಿದವರು ನಡುಗುತ್ತಾರೆ, ಮೆಲ್ಲಗೆ ಬಿಡಿ ಎಂದು ಕಾಕಾ ಆಟಗಾರರಿಗೆ ಗುಜರಾತಿಯಲ್ಲಿ ಹೇಳಿಕೊಡುತ್ತಿದ್ದರು. "ಹಲ್ತಾ ನಹೀಂ" ಎಂದು ಕೊನೆಯ ಎಚ್ಚರಿಕೆ, ಅಲುಗಬೇಡಿ ಎಂದು. ಎಣಿಕೆ ಮಾತ್ರ ಕನ್ನಡದಲ್ಲಿ. ಲೆಕ್ಕ ಕಲಿತದ್ದು ಧಾರವಾಡದ ಶಾಲೆಯಲ್ಲಿ, ಬೇರೆ ಭಾಷೆಯಲ್ಲಿ ಎಣಿಸಿದರೆ ಹೊತ್ತು ಹೆಚ್ಚುಕಡಿಮೆಯಾಗುತ್ತದೆ ಎಂಬುದು ಅವರ ನಂಬಿಕೆ. ಇಲ್ಲಿಯ ಗರಡಿಯ ಹುಡುಗರಿಗೆಲ್ಲ ಒಂದರಿಂದ ನಾಲ್ಕರವರೆಗೆ ಸೊಗಸಾದ ಕನ್ನಡ ಬರುತ್ತದೆ.

ಟೊಪ್ಪಿ ಹಾಕಿದ ಮೇಲೆ "ಸಾರು" ಎನ್ನುತ್ತಿದ್ದರು. ಗುಜರಾತಿಯಲ್ಲಿ ಹಾಗೆಂದರೆ ಒಳ್ಳೆಯದು, ಆಯಿತು ಎಂದು. ಮೊದಲ ದಿನ ಮಧ್ಯಾಹ್ನ ಒಂದೂವರೆಗೆ ಅವರ ಬಾಯಲ್ಲಿ ಅದನ್ನು ಕೇಳಿ, ಪಾಪ ಅನ್ನ ಸಾರು ತಂದಿದ್ದಾರೆಂದು ನಾನು ಕೈ ತೊಳೆದು ಬಂದು ಕೂತುಬಿಟ್ಟಿದ್ದೆ.

ಆ ತಗಡಿನ ಬುದ್ಧಿಯೇ ವಿಚಿತ್ರ. ಕೆಂಪು, ಹಳದಿ ಅದರ ಕಣ್ಣಿಗೆ ಕಪ್ಪು. ನೀಲಿ ಬಹುತೇಕ ಬಿಳಿ. ಒಬ್ಬ ಕುಸ್ತಿಪಟುವಿನ ತೋಳಿನ ಮೇಲೆ ನೀಲಿ ಹಚ್ಚೆಯ ಹುಲಿಯಿತ್ತು. ಹಳೆಯ ಕಾಲದ ಪೈಲ್ವಾನನಿಗೆ ಇಂಥ ಹುಲಿ ಹೇಗೆ ಎಂದು ನಾನು ಬೆಳಗಿನಿಂದ ಕೊರಗಿದೆ. ಕಾಕಾ ತಲೆ ಕೆಡಿಸಿಕೊಳ್ಳಲಿಲ್ಲ. ಚಿತ್ರದಲ್ಲಿ ಹುಲಿ ಇರಲೇ ಇಲ್ಲ, ಬರೀ ತೋಳು. ಸೂರತ್ತಿನಲ್ಲಿ ಇದಕ್ಕೆ ತದ್ವಿರುದ್ಧವಾಯಿತು. ತಾಪಿ ನದಿಯ ದಂಡೆಯಲ್ಲಿ ಹಳೆಯ ಶೈಲಿಯ ಕುಸ್ತಿ, ಊರಿನ ಸೀರೆ ವ್ಯಾಪಾರಿಯೊಬ್ಬರು ಉತ್ಸಾಹದಿಂದ ಎಲ್ಲರಿಗೂ ಕೇಸರಿ ಪೇಟ ಉಡುಗೊರೆ ಕೊಟ್ಟಿದ್ದರು. ಚಿತ್ರದಲ್ಲಿ ಅಷ್ಟೂ ಪೇಟ ಕಪ್ಪು. ಅವರು ತಗಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕುಸ್ತಿಗೆ ಯಾರು ಸತ್ತರು ಎಂದು ಕೇಳಿದರು.

ಇನ್ನೊಂದು ತೊಡಕು, ಚಿತ್ರ ಕನ್ನಡಿಯ ಹಾಗೆ ತಿರುಗುಮುರುಗು ಬರುತ್ತದೆ. ಬಲಗೈ ಎಡಗೈಯಾಗುತ್ತದೆ. ಬೇರೆಯವರು ಆದರೆ ಆಗಲಿ ಎಂದು ಬಿಡುತ್ತಾರಂತೆ. ಕಾಕಾ ಬಿಡುವವರಲ್ಲ. ಅಹಮದಾಬಾದಿನ ಮಣಿನಗರದ ಕ್ರಿಕೆಟ್ ಸಂಘವೊಂದು ತನ್ನ ಮುತ್ತಜ್ಜರ ಕಾಲದ ಪಂದ್ಯವನ್ನು ಆಡಿ ತೋರಿಸಿದಾಗ ಎಲ್ಲರ ಅಂಗಿಯ ಗುಂಡಿಯನ್ನೂ ಉಲ್ಟಾ ಹೊಲಿಸಿದ್ದರು, ಬಲಗೈ ಬ್ಯಾಟ್ಸ್‌ಮನ್ನನ್ನು ಎಡಗೈಗೆ ನಿಲ್ಲಿಸಿದ್ದರು. ತಂಡದಲ್ಲಿ ನಿಜವಾಗಿಯೂ ಎಡಗೈಯವನಾಗಿದ್ದ ಒಬ್ಬ, ಜೀವನದಲ್ಲಿ ಮೊದಲ ಸಲ ಎಲ್ಲರೂ ನನ್ನ ಹಾಗೆ ನಿಂತರು ಎಂದು ಹಿಗ್ಗಿದ. ಅವನನ್ನು ಬಲಗೈಗೆ ನಿಲ್ಲಿಸಿದರು. ಖೋಟಾ ಪಂದ್ಯಕ್ಕೆ ಇಷ್ಟೊಂದು ಖರೇತನ ಯಾಕೆ ಕಾಕಾ ಎಂದು ನಾನು ಕೇಳಿದ್ದುಂಟು. ಅವರು ಲೆನ್ಸು ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

ನನ್ನ ಕುತೂಹಲ ಮುಖ್ಯವಾಗಿ ಒಂದು ಸಂಗತಿಯ ಮೇಲಿತ್ತು. ಸೂರತ್ತು, ಅಹಮದಾಬಾದುಗಳಲ್ಲಿ ತೆಗೆದ ತಗಡುಗಳನ್ನು ಕಾಕಾ ಕೇಳಿದವರಿಗೆ ಅಲ್ಲೇ ಕೊಟ್ಟುಬಿಡುತ್ತಿದ್ದರು. ವಡೋದರಾದ ಹಳೆಯ ಪೇಟೆಯ ಗರಡಿಯಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಪ್ರತಿ ಜನವರಿಯಲ್ಲಿ, ಅರುವತ್ತು ವರ್ಷದ ಹಿಂದಿನ ಉಡುಪು ತೊಟ್ಟು, ಹಳೆಯ ಪದ್ಧತಿಯ ಆಟ್ಯಾಪಾಟ್ಯಾ ಆಡುತ್ತಾರೆ. ನೆಲದ ಮೇಲೆ ಗೆರೆ ಎಳೆದು, ಒಂದು ತಂಡ ಗೆರೆಗಳ ಮೇಲೆ ನಿಂತು ತಡೆಯುವುದು, ಇನ್ನೊಂದು ತಂಡ ಅತ್ತ ಬಂದಂತೆ ಮಾಡಿ ಇತ್ತ ನುಸುಳುವುದು. ಆಟವೆಲ್ಲ ಕಣ್ಣಿಗೆ ಮಣ್ಣೆರಚುವುದರಲ್ಲೇ ಇದೆ. ಆಟ ಮುಗಿದ ಮೇಲೆ, ಅಂಗಳದ ಮಲ್ಲಕಂಬದ ಮುಂದೆ ತಂಡದ ಒಂಬತ್ತು ಜನರ ಚಿತ್ರ. ಒಂಬತ್ತನೆಯವನು ಸಿಗದ ವರ್ಷ ಒಬ್ಬ ಹುಡುಗಿ ಮೀಸೆ ಅಂಟಿಸಿಕೊಂಡು ನಿಂತಳು, ಅವಳಷ್ಟು ಅಲುಗಾಡದೆ ನಿಂತವರು ಇಲ್ಲ. ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ಕಾಕಾ ಎಲ್ಲರಿಗೂ ಒಮ್ಮೆ ತೋರಿಸಿ, ಮನೆಗೆ ಒಯ್ದು ಕೆರೆದುಹಾಕುತ್ತಿದ್ದರು. ಮರುವರ್ಷ ಅದೇ ತಗಡು.

ಅರುವತ್ತು ವರ್ಷದ ಹಿಂದಿನ ಆಟದ ಚಿತ್ರಕ್ಕೆ ಅದಕ್ಕೂ ಹಿಂದಿನ ಈ ಗೋಜಲಿನ ವಿಧಾನ ಯಾಕೆ ಎಂದು ಒಮ್ಮೆ ಕೇಳಿದೆ. ಆಗ ಮಾತ್ರ ಉತ್ತರ ಕೊಟ್ಟರು. "ಇದನ್ನ ಮಂದಿ ಮುಂದ ತೊಳೀತೀನ್ರಿ ಸಾಹೇಬ್ರ. ಚಿತ್ರ ಬಂತೋ ಇಲ್ಲೋ ಅಲ್ಲೇ ಎಲ್ಲಾರಿಗೂ ಕಾಣತೈತಿ. ಆಮ್ಯಾಲೆ ಯಾರೂ ಏನೂ ಹೇಳೂ ಹಂಗಿಲ್ಲ." ಯಾರು ಏನು ಹೇಳುತ್ತಾರೆ ಎಂದು ನನಗೆ ತಿಳಿಯಲಿಲ್ಲ. ವಿಮೆಯವನಿಗೆ ಸಹಜವಾದ ಅನುಮಾನ ಮಾತ್ರ ಉಳಿಯಿತು.

ಅದು ಬಗೆಹರಿದದ್ದು ಎರಡು ವರ್ಷದ ಹಿಂದೆ, ಮೊದಲಲ್ಲಿ ಹೇಳಿದ ಆ ಬೆಳಿಗ್ಗೆ. ಆ ವರ್ಷ ಆಬಾ ಬಂದಿದ್ದರು. ಮಣಿನಗರದಲ್ಲಿ ಮಗಳ ಮನೆಯಲ್ಲಿರುವ ಮರಾಠಿ ಅಜ್ಜ, ಗರಡಿಯ ಹಳೆಯ ತಂಡದಲ್ಲಿ ಉಳಿದಿರುವವರು ಅವರೊಬ್ಬರೇ. ಕಾಕಾ ತಾವೇ ರೈಲಿನಲ್ಲಿ ಹೋಗಿ ಒಪ್ಪಿಸಿ ಕರೆತಂದಿದ್ದರು. ಆಬಾರ ತಲೆ ಮತ್ತು ಬಲಗೈ ಸದಾ ನಡುಗುತ್ತವೆ, ಬೇಡ ಬೇಡ ಎನ್ನುವ ಹಾಗೆ. ಅವರು ಆಟ ನೋಡಲು ಬಂದಿದ್ದಾರೆಂದು ನಾನು ತಿಳಿದಿದ್ದೆ. ಕಾಕಾ ಮಲ್ಲಕಂಬದ ಮುಂದೆ ಎರಡು ಕುರ್ಚಿ ಹಾಕಿಸಿದರು, ಒಂದು ಆಬಾರಿಗೆ, ಒಂದು ತಂಡದ ನಾಯಕನಿಗೆ. ತಗಡಿಗೆ ದ್ರಾವಣ ಸುರಿದು ಡೇರೆಯೊಳಗೆ ಹೋದರು.

ಅವರು ಒಳಗಿರುವಾಗ ಗರಡಿಯ ಕಾರ್ಯದರ್ಶಿ ಆಬಾರನ್ನು ಚಿತ್ರಕ್ಕೆ ಕರೆದ. ಜಗಲಿಯ ಮೇಲೆ ಕೂತಿದ್ದ ಆಬಾ ಒಪ್ಪಲಿಲ್ಲ. ಕಾರ್ಯದರ್ಶಿ ನಗುತ್ತಾ ನನಗೆ ಕತೆ ಹೇಳಿದ. ಆಬಾರ ತಂಡ ದೊಡ್ಡ ಪಂದ್ಯವೊಂದನ್ನು ಗೆದ್ದ ದಿನ ಇದೇ ಕಂಬದ ಮುಂದೆ ಫೋಟೊ ತೆಗೆಸಿದ್ದರಂತೆ. ಹತ್ತೊಂಬತ್ತರ ಆಬಾ ಒಂದು ಕ್ಷಣ ಸುಮ್ಮನೆ ನಿಲ್ಲುವ ಹುಡುಗನಲ್ಲ, ಅಲುಗಾಡಿಬಿಟ್ಟ, ಫೋಟೊ ಕೆಟ್ಟಿತು. ಮರುದಿನ ತಂಡ ಚದುರಿತು, ಇಬ್ಬರು ಕೆಲಸಕ್ಕೆಂದು ಮುಂಬೈಗೆ ಹೋದರು, ಇನ್ನೊಂದು ಫೋಟೊ ಆಗಲೇ ಇಲ್ಲ. ಅಂದಿನಿಂದ ಗರಡಿಯಲ್ಲಿ ಯಾವ ಕೆಲಸ ಕೆಟ್ಟರೂ ಆಬಾರ ಹೆಸರು ಹೇಳಿ ನಗುವುದು ವಾಡಿಕೆ. ಆಬಾ ನಗಲಿಲ್ಲ. ಆಗ ಗಟ್ಟಿಯಿದ್ದಾಗಲೇ ಕೆಡಿಸಿದೆ, ಈಗ ಈ ತಲೆ ಇಟ್ಟುಕೊಂಡು ಇನ್ನೊಂದನ್ನು ಕೆಡಿಸಲೇ ಎಂದರು. ಮಕ್ಕಳದನ್ನು ತೆಗೆಯಿರಿ, ನಾನು ಇಲ್ಲೇ ಇರುತ್ತೇನೆ ಎಂದರು.

ಅಷ್ಟರಲ್ಲಿ ಕಾಕಾ ಚೌಕಟ್ಟು ಹಿಡಿದು ಡೇರೆಯಿಂದ ಹೊರಗೆ ಬಂದರು. ಕುರ್ಚಿ ಖಾಲಿ. ತಗಡು ಒಳಗೆ ಒಣಗುತ್ತಿದೆ. ನಾನು ಗಡಿಯಾರ ನೋಡಿದೆ. ಕಾಕಾ ನೋಡಲಿಲ್ಲ. ಚೌಕಟ್ಟನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ, ನೇರವಾಗಿ ಆಬಾರ ಹತ್ತಿರ ಹೋಗಿ, ಮರಾಠಿಯಲ್ಲಿ ಮಾತಾಡಿದರು. ಇಲ್ಲಿಯ ಮರಾಠಿ ಇಷ್ಟು ವರ್ಷದಲ್ಲಿ ನನಗೆ ಅಷ್ಟಿಷ್ಟು ತಿಳಿಯುತ್ತದೆ. ಆ ಮಾತುಗಳು ಪೂರ್ತಿ ತಿಳಿದವು.

"ಅವತ್ತು ನೀನು ಅಲುಗಾಡಿರಲಿಲ್ಲ. ಸ್ಟುಡಿಯೋದವರು ಕಳಿಸಿದ್ದು ನನ್ನನ್ನು. ನಾನು ಹಲಗೆ ಎಳೆಯೋದೇ ಮರೆತಿದ್ದೆ."

ಆಬಾರಿಗೆ ಅರ್ಥವಾಗಲಿಲ್ಲ. ಕಾಕಾ ಕ್ಯಾಮೆರಾದ ಕಡೆ ಕೈ ತೋರಿಸಿ, ಹಲಗೆ ಎಳೆಯದೆ ಟೊಪ್ಪಿ ತೆಗೆದರೆ ಒಳಗೆ ಬೆಳಕೇ ಹೋಗುವುದಿಲ್ಲ, ಆ ಕಾಲದಲ್ಲಿ ತಗಡಿನ ಬದಲು ಬಳಸುತ್ತಿದ್ದ ಗಾಜಿನ ಮೇಲೆ ಏನೂ ಮೂಡಿರಲಿಲ್ಲ ಎಂದು ವಿವರಿಸಿದರು. ಕೆಲಸ ಹೋಗುತ್ತದೆಂಬ ಹೆದರಿಕೆಗೆ ಯಾರೋ ಅಲುಗಾಡಿದರು ಎಂದುಬಿಟ್ಟಿದ್ದರು. ಯಾರು ಎಂದು ತಂಡದವರು ಕೇಳಿದಾಗ, ಎಲ್ಲರೂ ನಂಬುವಂಥ ಹೆಸರನ್ನೇ ಹೇಳಿದ್ದರು.

"ನನ್ನ ಮುಖ ಮಾತ್ರ ಕೆಟ್ಟಿತ್ತು ಅಂದಿದ್ದೆಯಲ್ಲ?"

"ಯಾರ ಮುಖವೂ ಇರಲಿಲ್ಲ."

ಆಬಾರ ತಲೆ ತನ್ನ ಪಾಡಿಗೆ ಬೇಡ ಬೇಡ ಎನ್ನುತ್ತಲೇ ಇತ್ತು. ಗರಡಿಯ ಹುಡುಗರೆಲ್ಲ ಕಚ್ಚೆ ಕಟ್ಟಿಕೊಂಡು, ಕೈಯಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಆಬಾ ಬಹಳ ಮೆಲ್ಲಗೆ ಹೇಳಿದರು. "ಎಂಟು ಜನ. ಎಂಟು ಜನವೂ ನನ್ನನ್ನ ಬೈಕೊಂಡೇ ಸತ್ತರು. ಒಬ್ಬ ಬದುಕಿರುವಾಗಲಾದರೂ ಹೇಳಬಾರದಿತ್ತಾ?"

ಕಾಕಾರ ಕಪ್ಪು ಬೆರಳುಗಳು ಕೋಟಿನ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದವು. ನನ್ನ ಲೆಕ್ಕದಲ್ಲಿ ಐದು ನಿಮಿಷ ಕಳೆದಿತ್ತು. ನನ್ನ ಪಟ್ಟಿಯಲ್ಲಿ ಬೆಂಕಿ, ಭೂಕಂಪ ಎಲ್ಲ ಇದ್ದವು, ಇದಕ್ಕೆ ಜಾಗವೇ ಇರಲಿಲ್ಲ. ಆಬಾ ಎದ್ದು ಮನೆಗೆ ಹೋಗಬಹುದು ಎಂದುಕೊಂಡೆ, ನಾನಾಗಿದ್ದರೆ ಹೋಗುತ್ತಿದ್ದೆ.

ಆಬಾ ಎದ್ದರು. ನಡೆದು ಹೋಗಿ ಮಲ್ಲಕಂಬದ ಮುಂದಿನ ಕುರ್ಚಿಯಲ್ಲಿ ಕೂತರು. ಹುಡುಗರಲ್ಲಿ ಒಬ್ಬ ಓಡಿಹೋಗಿ, ಹಳೆಯ ಫೋಟೊಗ್ರಾಫರುಗಳು ತಲೆ ಅಲುಗದಂತೆ ಹಿಂದಿನಿಂದ ಆನಿಸುತ್ತಿದ್ದ ಕಬ್ಬಿಣದ ಕವಲನ್ನು ತಂದ. ಆಬಾ ಅದನ್ನು ಕಾಲಿನಿಂದ ದೂರ ತಳ್ಳಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತಲೆಯನ್ನು ಮಲ್ಲಕಂಬಕ್ಕೇ ಒತ್ತಿ ಇಟ್ಟರು. ಎಣ್ಣೆ ಕುಡಿದು ಕಪ್ಪಾದ ಆ ಕಂಬವನ್ನು ಅವರು ಎಷ್ಟು ಸಲ ಹತ್ತಿದ್ದರೋ. ಕೈಗಳಿಂದ ಮೊಣಕಾಲನ್ನು ಬಿಗಿಯಾಗಿ ಹಿಡಿದರು. ನಾಯಕ ಪಕ್ಕದಲ್ಲಿ ಕೂರಲು ಬಂದರೆ ಬೇಡವೆಂದರು. ಆ ಕುರ್ಚಿಯನ್ನು ಕಾಕಾಗೆ ತೋರಿಸಿದರು.

"ನೀನು ಬಂದು ಇಲ್ಲಿ ಕೂಡು. ಹಲಗೆ ಎಳೆಯೋದಕ್ಕೆ ಮರೆವಿಲ್ಲದವನು ಯಾರಾದರೂ ನಿಲ್ಲಲಿ."

ಎಲ್ಲರೂ ನನ್ನ ಕಡೆ ನೋಡಿದರು. ಮರೆಯದೆ ಇರುವುದು ನನ್ನ ಒಂದೇ ಪ್ರತಿಭೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಕಾ ಹಾದುಹೋಗುವಾಗ, "ಗಾಬ್ರಿ ಆಗಬ್ಯಾಡ್ರಿ, ಕನ್ನಡದಾಗ ಎಣಸ್ರಿ" ಎಂದಷ್ಟೇ ಹೇಳಿ, ಆಬಾರ ಪಕ್ಕ ಕೂತರು. ಅವರು ಲೆನ್ಸಿನ ಈ ಕಡೆಯಿಂದ ಆ ಕಡೆಗೆ ಹೋದದ್ದನ್ನು ನಾನು ಕಂಡಿದ್ದು ಅದೇ ಮೊದಲು, ಅದೇ ಕೊನೆ.

ನಾನು ಹಲಗೆ ಎಳೆದೆ. ಎಳೆದದ್ದನ್ನು ಕೈಯಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದೆ, ಆಬಾರಿಗೆ ಮುಖ್ಯವಾಗಿ. ಅವರು ಕಣ್ಣಲ್ಲೇ ಸರಿ ಎಂದರು. ಟೊಪ್ಪಿ ತೆಗೆದೆ. ಒಂದು, ಎರಡು ಎಂದು ಕನ್ನಡದಲ್ಲೇ ಎಣಿಸಿದೆ. ನಾಲ್ಕಕ್ಕೆ ಟೊಪ್ಪಿ ಹಾಕಿ, ಹಲಗೆ ತಳ್ಳಿದೆ. ಕಾಕಾ ಎದ್ದು ಬಂದು ಚೌಕಟ್ಟನ್ನು ಡೇರೆಗೆ ಒಯ್ದರು.

ಆಮೇಲೆ ತೊಳೆಯುವ ತಟ್ಟೆಯನ್ನು ಅಂಗಳದ ಬಿಸಿಲಿಗೆ ತಂದರು. ಎಲ್ಲರೂ ಸುತ್ತ ಬಗ್ಗಿದೆವು. ಮೊದಲು ತಗಡಿನ ಮೇಲೆ ಹಾಲು ಚೆಲ್ಲಿದಂಥ ನೀಲಿ ಮಸುಕು. ಅದು ನಿಧಾನಕ್ಕೆ ಕರಗಿ ಕಂಬ ಬಂತು, ಬನಿಯನ್ನುಗಳು ಬಂದವು, ಕಚ್ಚೆಗಳು ಬಂದವು, ಹುಡುಗರ ಮುಖಗಳು ಒಂದೊಂದಾಗಿ ಬಂದವು. ನಡುವೆ ಆಬಾ ಬಂದರು. ಬೆರಳುಗಳು ತುಸು ಮಸುಕು. ಮುಖ ಮಾತ್ರ, ಗಲ್ಲದ ಮೇಲಿನ ಬಿಳಿ ಕೂಳೆಯೂ ಸೇರಿದಂತೆ, ಕೊರೆದಿಟ್ಟ ಹಾಗೆ. ಆಬಾ ತಟ್ಟೆಯ ಮೇಲೆ ಬಾಗಿ ತಮ್ಮನ್ನೇ ಎಷ್ಟೋ ಹೊತ್ತು ನೋಡಿದರು. ಬೇರೆ ಯಾರನ್ನೂ ನೋಡಿದ ಹಾಗೆ ಕಾಣಲಿಲ್ಲ, ನಾನೂ ಆಬಾರನ್ನಷ್ಟೇ ನೋಡಿದ್ದೆ. ಕಾಕಾರೊಡನೆ ಅವರು ಅವತ್ತು ಮತ್ತೆ ಮಾತಾಡಲಿಲ್ಲ. ಹೊರಡುವಾಗ ತಗಡನ್ನು ಮಾತ್ರ ಕೇಳಿ ಪಡೆದು, ಶಾಲಿನಲ್ಲಿ ಸುತ್ತಿಕೊಂಡು ಹೋದರು.

ಕಾಕಾ ಈ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ಹೇಳಲು ನಾನೇ ಮಣಿನಗರಕ್ಕೆ ಹೋಗಿದ್ದೆ. ಆಬಾ ಗೋಡೆಯಿಂದ ತಗಡನ್ನು ಇಳಿಸಿ ನನ್ನ ಕೈಗೆ ಕೊಟ್ಟು, ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದರು. ಒಂಬತ್ತು ಹುಡುಗರೂ ಸ್ಪಷ್ಟವಾಗಿದ್ದರು. ಕಾಕಾರ ಕೋಟು ಸ್ಪಷ್ಟ, ಗುಂಡಿಗಳು ಸ್ಪಷ್ಟ, ತೊಡೆಯ ಮೇಲಿಟ್ಟ ಎರಡು ಕೈಗಳೂ ಸ್ಪಷ್ಟ. ಕೋಟಿನ ಕಾಲರಿನ ಮೇಲೆ ಮುಖವಿರಬೇಕಾದ ಕಡೆ ಮಾತ್ರ, ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ, ಆಬಾರ ಕಡೆಗೆ ಎಳೆದುಕೊಂಡು ಹೋದ ಒಂದು ಬೆಳ್ಳಗಿನ ಗುರುತು. ಆಗ ನೆನಪಾಯಿತು, ನಾನು ಮೂರು ಎಂದಾಗ ಕಾಕಾ, ಆಬಾ ನೆಟ್ಟಗೆ ಕೂತಿದ್ದಾರೋ ಇಲ್ಲವೋ ಎಂದು, ಪಕ್ಕಕ್ಕೆ ತಿರುಗಿ ನೋಡಿದ್ದರು.